ಆಸನ ಮಾಡದ ಕಾಕಾ

ಊರಿಗೆಲ್ಲ ಕಾಕಾ ಆಗಿರುವ ನಮ್ಮ ಕಾಕಾನಂಥ ಯೋಗ ಶಿಕ್ಷಕ ಕೊಪ್ಪಳದಿಂದ ಕುಷ್ಟಗಿಯವರೆಗೆ ಹುಡುಕಿದರೂ ಇನ್ನೊಬ್ಬ ಸಿಗುವುದಿಲ್ಲ. ಸಿಗದಿರುವುದೇ ಒಳ್ಳೆಯದು! ಇಂಥ ಎಷ್ಟು ಜನರನ್ನು ಒಂದು ಜಿಲ್ಲೆ ತಾಳಿಕೊಂಡೀತು? ಎಂಟು ವರ್ಷಗಳಿಂದ ಗಂಗಾವತಿಯ ಒಂದು ಅಕ್ಕಿ ಗಿರಣಿಯ ಹಿಂದೆ, ಭತ್ತ ಒಣಗಿಸುವ ಸಿಮೆಂಟಿನ ಕಣದ ಮೇಲೆ ದಿನಾ ಬೆಳಿಗ್ಗೆ ಯೋಗ ಕಲಿಸುತ್ತಾನೆ. ಈ ಎಂಟು ವರ್ಷದಲ್ಲಿ ಅವನು ಒಂದೇ ಒಂದು ಆಸನ ಮಾಡಿದ್ದನ್ನೂ ಯಾರೂ ನೋಡಿಲ್ಲ.

ಕೈ ಎತ್ತುವುದಿಲ್ಲ, ಕಾಲು ಮಡಚುವುದಿಲ್ಲ. ತೂತುಬಿದ್ದ ಬನಿಯನ್ನು, ಮೊಣಕಾಲಿಗೆ ಎತ್ತಿಕಟ್ಟಿದ ದೋತರ. ಕೈಗಳನ್ನು ಹಿಂದೆ ಕಟ್ಟಿಕೊಂಡು ನಮ್ಮ ಸಾಲುಗಳ ನಡುವೆ ಅಡ್ಡಾಡುತ್ತಾನೆ. ಅಡ್ಡಾಡದೆ ಇನ್ನೇನು ಮಾಡಿಯಾನು? ಮರಳಿ ಎಂಬ ಊರಿನ ಸುತ್ತ ಕಾಲುವೆಯ ಗೇಟು ಎತ್ತುವ, ಇಳಿಸುವ ನೌಕರಿಯಲ್ಲಿ ಮೂವತ್ತು ವರ್ಷ ದಂಡೆಯ ಮೇಲೆ ಅಡ್ಡಾಡಿದವನು. ಯೋಗದ ಹುಚ್ಚು ಹತ್ತಿದ್ದು ಅದಕ್ಕೂ ಮೊದಲು, ಮುನಿರಾಬಾದಿನ ಅಣೆಕಟ್ಟಿನ ಕೆಲಸದಲ್ಲಿದ್ದಾಗ. ಸಾಹೇಬರೊಬ್ಬರು ತಮ್ಮ ಅಂಗಳದಲ್ಲಿ ಯೋಗ ಮಾಡುವುದನ್ನು ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದನಂತೆ. ಅವರೇ ಒಳಗೆ ಕರೆದು ನಾಲ್ಕು ವರ್ಷ ಕಲಿಸಿದರು, ಆಮೇಲೆ ಅವರಿಗೆ ವರ್ಗವಾಯಿತು. ಗುರುವಿಗೆ ವರ್ಗಾವಣೆ ಆದೇಶ ಬಂದಿತೆಂದು ವಿದ್ಯಾಭ್ಯಾಸ ಮುಗಿಸಿದ ಶಿಷ್ಯ ಇವನೊಬ್ಬನೇ ಇರಬೇಕು!

ಇನ್ನು ನನ್ನ ವಿಷಯ. ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಊರಿನಲ್ಲಿ ಯಾವ ಸಮಾರಂಭ ನಡೆದರೂ ನಿರೂಪಣೆ ನನ್ನದೇ. ಆದರೆ ಚಿಕ್ಕಂದಿನಿಂದಲೂ ದಮ್ಮಿನ ಕಾಟ. ನಾಲ್ಕು ವಾಕ್ಯ ಆಡುವಷ್ಟರಲ್ಲಿ ಎದೆ ಸೀಟಿ ಊದತೊಡಗುತ್ತಿತ್ತು, ಮೈಕಿನಲ್ಲಿ ನನ್ನ ಮಾತಿಗಿಂತ ಅದೇ ಚೆನ್ನಾಗಿ ಕೇಳುತ್ತಿತ್ತು. ಬರಬರುತ್ತ ಕರೆಯುವವರು ಕಡಿಮೆಯಾದರು. ಮೈಕು ಕೈಬಿಟ್ಟರೆ ಈ ಊರಿನಲ್ಲಿ ನನ್ನನ್ನು ಮಾತಾಡಿಸುವವರು ಯಾರು? ಆ ಹೆದರಿಕೆಗೆ ಕಾಕಾನ ಕಣಕ್ಕೆ ಹೋದೆ. ಭಕ್ತಿಯಿಂದಲ್ಲ.

ಮೂರು ತಿಂಗಳು ಸುಮ್ಮನೆ ಕೂರಿಸಿದ! ಉಸಿರು ತಗೊಳ್ಳುವುದು, ಉಸಿರು ಬಿಡುವುದು. ಇದನ್ನು ಹುಟ್ಟಿದ ದಿನದಿಂದ ಮಾಡುತ್ತಿಲ್ಲವೆ ಎಂದು ನಾನು ಗೊಣಗಿದರೆ, ಪಕ್ಕೆಲುಬಿನ ಕೆಳಗೆ ಎರಡು ಬೆರಳು ಒತ್ತಿ ಹೇಳುತ್ತಿದ್ದ:

“ಮಾಸ್ತರ, ಒಮ್ಮೆಲೇ ಗೇಟ್ ಎತ್ತಿದ್ರ ದಂಡಿ ಒಡೀತೈತಿ. ಒಂದೊಂದ ಸುತ್ತು ಬಿಡು.”

ನನ್ನ ಜೊತೆಗೆ ಕಿರಾಣಿ ಅಂಗಡಿಯ ಸಾಹುಕಾರರೊಬ್ಬರೂ ಸೇರಿದ್ದರು. ಹೊಸ ಚಾಪೆ, ಹೊಸ ಉಡುಪು, ಹಳೆಯ ಹೊಟ್ಟೆ. ನಾಲ್ಕನೆಯ ದಿನವೇ ಶೀರ್ಷಾಸನ ಯಾವಾಗ ಎಂದು ಕೇಳಿದರು. ಕಾಕಾ ಅವರನ್ನು ಕೂರಿಸಿದ, ಏಳಲು ಹೇಳಿದ. ಸಾಹುಕಾರರು ಎರಡೂ ಕೈ ಊರಿ, ಒಮ್ಮೆ ನನ್ನ ಹೆಗಲು ಹಿಡಿದು, ದೇವರನ್ನು ನೆನೆದು ಎದ್ದರು.

“ಮೊದಲ ಎದ್ದು ನಿಂದ್ರೂದು ಕಲೀರಿ ಸಾಹುಕಾರ್ರ. ತಲಿ ಆಮ್ಯಾಲ ನೋಡೋಣು.”

ಸಾಹುಕಾರರು ಮರುದಿನ ಬರಲಿಲ್ಲ. ಅಂದಿನಿಂದ ನಮ್ಮ ಮನೆಗೆ ಬರುವ ತೊಗರಿಬೇಳೆಯಲ್ಲಿ ಕಲ್ಲು ಹೆಚ್ಚಾಯಿತು!

ನಾನು ಮಾತ್ರ ಬಿಡಲಿಲ್ಲ. ಡಾಕ್ಟರು ಕೊಟ್ಟ ದಮ್ಮಿನ ಪಂಪು ಕಿಸೆಯಲ್ಲೇ ಇರಲಿ ಎಂದು ಕಾಕಾನೇ ತಾಕೀತು ಮಾಡಿದ್ದ. ಎರಡು ವರ್ಷ ಕಳೆಯುವಷ್ಟರಲ್ಲಿ ಅದನ್ನು ಹೊರಗೆ ತೆಗೆಯುವ ಪ್ರಸಂಗವೇ ಅಪರೂಪವಾಯಿತು. ಮೈಕು ಮರಳಿ ಬಂತು, ಹಾರ ಶಾಲುಗಳೂ ಬಂದವು. ದನಿ ಇಷ್ಟು ಸುಧಾರಿಸಿದ್ದು ಹೇಗೆ ಎಂದು ಕೇಳಿದವರಿಗೆ ನಾನು ಹೇಳಿದ್ದೇನು ಗೊತ್ತೆ? “ಎಲ್ಲ ಶಿಸ್ತಿನ ಫಲ” ಎಂದೆ. ಯಾರ ಶಿಸ್ತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ತೂತು ಬನಿಯನ್ನಿನ ಗುರುವನ್ನು ಶಾಲು ಹೊದ್ದ ಶಿಷ್ಯ ಎಲ್ಲಿ ತಾನೆ ತೋರಿಸಿಯಾನು?

ಈ ವರ್ಷ ಊರಿನ ಯೋಗ ದಿನಾಚರಣೆಗೆ ಅದೇ ಸಾಹುಕಾರರು ಮುಖ್ಯಸ್ಥರು. ಹತ್ತು ಜನರನ್ನು ಕಟ್ಟಿಕೊಂಡು ಕಣಕ್ಕೆ ಬಂದರು. ನಾಲ್ಕು ಆಸನ ಮಾಡಿ ತೋರಿಸಿದರೆ ವೇದಿಕೆಯ ಮೇಲೆ ಜಾಗ ಕೊಡುವುದಾಗಿ ಕಾಕಾನಿಗೆ ಹೇಳಿದರು.

“ನಾ ಮಾಡಿ ತೋರಿಸಿದ್ರ ಎಲ್ಲಾರೂ ನನ್ನ ನೋಡ್ಕೋತ ಕುಂಡ್ರತಾರ,” ಎಂದ ಕಾಕಾ. “ಅವರ ಬೆನ್ನು ಯಾರು ನೋಡಬೇಕ್ರಿ?”

ಬಂದವರು ನಗುತ್ತ ಹೋದರು. ಇವನಿಗೆ ಆಸನ ಬಂದರಲ್ಲವೆ ತೋರಿಸುವುದು ಎಂದು ದಾರಿಯುದ್ದಕ್ಕೂ ಆಡಿಕೊಂಡರು. ನಾನೂ ಅವರ ಜೊತೆಗೇ ನಡೆಯುತ್ತಿದ್ದೆ. ಸ್ವಲ್ಪ ನಕ್ಕೆ ಕೂಡ.

ಬೇರೆ ಊರಿನಿಂದ ಮಿರಮಿರ ಮಿಂಚುವ ಉಡುಪಿನ ಗುರುಗಳೊಬ್ಬರು ಬಂದರು. ಕಾಲನ್ನು ಕತ್ತಿನ ಹಿಂದೆ ಸಿಕ್ಕಿಸಿಕೊಂಡು ಜನರಿಗೆ ಕೈ ಬೀಸಿದರು. ಏನು ಚಪ್ಪಾಳೆ! ಮೈದಾನದಲ್ಲಿ ಯಾರೊಬ್ಬರಿಗೂ ಏನೂ ಕಲಿಯುವ ತೊಂದರೆಯಾಗಲಿಲ್ಲ. ನಾನು ಎರಡು ತಾಸು ನಿರೂಪಣೆ ಮಾಡಿದೆ. ಯೋಗರತ್ನ, ಯೋಗಭಾಸ್ಕರ, ಕನ್ನಡದಲ್ಲಿದ್ದ ವಿಶೇಷಣಗಳನ್ನೆಲ್ಲ ಆ ಗುರುಗಳಿಗೆ ಸುರಿದೆ. ಕೊನೆಗೆ ವಂದನಾರ್ಪಣೆ. ಶಾಮಿಯಾನ ಹಾಕಿದವರಿಗೆ, ಮೈಕು ಕೊಟ್ಟವರಿಗೆ, ಬಾಳೆಹಣ್ಣು ಹಂಚಿದವರಿಗೆ ವಂದಿಸಿದೆ. ಚೀಟಿಯಲ್ಲಿ ಕಾಕಾನ ಹೆಸರಿರಲಿಲ್ಲ. ಇಲ್ಲದಿದ್ದರೇನು, ಮೈಕು ನನ್ನ ಕೈಯಲ್ಲೇ ಇತ್ತಲ್ಲ? ಒಂದು ಹೆಸರು ಹೇಳಲು ಎಷ್ಟು ಉಸಿರು ಬೇಕು? ಸಾಹುಕಾರರು ನನ್ನತ್ತ ನೋಡುತ್ತಿದ್ದರು. ಮುಂದಿನ ಸಮಾರಂಭ ನೆನಪಾಯಿತು. ಚೀಟಿ ಮಡಚಿ ಕಿಸೆಗೆ ಹಾಕಿಕೊಂಡೆ.

ಆಗಲೇ ಕಾಕಾ ಕಣ್ಣಿಗೆ ಬಿದ್ದದ್ದು. ಕಟ್ಟಕಡೆಯ ಸಾಲಿನಲ್ಲಿ ಕೂತು ನನ್ನನ್ನೇ ದಿಟ್ಟಿಸುತ್ತಿದ್ದ. ತುಟಿಗಳು ಅಲ್ಲಾಡುತ್ತಿದ್ದವು. ಬೈಯುತ್ತಿದ್ದಾನೆ ಎಂದುಕೊಂಡೆ. ಬೈಯಲಿ, ಅವನ ಹಕ್ಕು.

ಮರುದಿನ ಕಣಕ್ಕೆ ಹೋಗಲು ಕಾಲು ಬರಲಿಲ್ಲ. ಹೋಗದಿರಲು ಧೈರ್ಯವೂ ಬರಲಿಲ್ಲ. ಕಾಕಾ ಒಬ್ಬನೇ ಕಸ ಗುಡಿಸುತ್ತಿದ್ದ. ನನ್ನನ್ನು ನೋಡಿ ಕಸಬರಿಗೆ ಕೆಳಗಿಟ್ಟ.

“ನಿನ್ನೆ ಎರಡು ತಾಸು ಮಾತಾಡಿದಿ ಮಾಸ್ತರ,” ಎಂದ. “ನಾ ಹಿಂದ ಕುಂತು ನಿನ್ನ ಉಸುರು ಎಣಿಸಿಕೋತ ಇದ್ದೆ. ಒಮ್ಮಿನೂ ತೇಕಲಿಲ್ಲ ನೋಡು ನೀ.”

ಅವನ ಮುಖದ ತುಂಬ ಹೆಮ್ಮೆ. ಕೋಪಕ್ಕಾಗಿ ಹುಡುಕಿದೆ, ಒಂದು ಚೂರೂ ಇರಲಿಲ್ಲ. ನನಗೆ ನಾಚಿಕೆಯಿಂದ ಸತ್ತುಹೋಗಬೇಕೆನ್ನಿಸಿತು. “ಕಾಕಾ, ನಿನ್ನ ಹೆಸರು…” ಎಂದು ಶುರುಮಾಡಿದೆ. ಎಷ್ಟೋ ದಿನಗಳ ಮೇಲೆ ಎದೆ ಮತ್ತೆ ಸೀಟಿ ಊದತೊಡಗಿತು.

ಕಾಕಾ ಹತ್ತಿರ ಬಂದು ಪಕ್ಕೆಲುಬಿನ ಕೆಳಗೆ ಎರಡು ಬೆರಳಿಟ್ಟ.

“ಮಾತು ಇರ್ಲಿ. ಮೊದಲ ಉಸುರು ಬಿಡು,” ಎಂದು ಒಂದರಿಂದ ಎಣಿಸತೊಡಗಿದ.