ತಪ್ಪೊಪ್ಪಿಗೆ ವಾಪಸ್ ಕೋರಿ

ಇಂದ,
ದೂರು ಕೌಂಟರಿನ ಹಿರಿಯ ಗುಮಾಸ್ತ,
ಮಿಕ್ಸಿ, ವಾಷಿಂಗ್ ಮೆಷಿನ್ ಮಾರುವ ಮಳಿಗೆ, ಮೆಟ್ಟಿಲ ಕೆಳಗಿನ ಮೇಜು.

ಗೆ,
ಕ್ಲೇಮು ವಿಭಾಗದ ಮುಖ್ಯಸ್ಥರು,
ವಾಹನ ವಿಮಾ ಕಚೇರಿ, ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ಅಪಘಾತದ ಸ್ಥಳದಲ್ಲಿ ಅರ್ಜಿದಾರನ ಬಾಯಿಂದ ಜಾರಿದ ಕ್ಷಮಾಪಣೆಯನ್ನು ರದ್ದುಪಡಿಸುವ ಕುರಿತು.

ಉಲ್ಲೇಖ: ೧) "ತಪ್ಪು ನಿಮ್ಮ ಕಡೆಯದೇ" ಎಂಬ ತಮ್ಮ ಪತ್ರ. ೨) ಅದನ್ನು ಓದಿ ಅರ್ಜಿದಾರನ ಹೆಂಡತಿ ಆಡಿದ ಮಾತು (ಇಲ್ಲಿ ಬರೆಯುವಂತಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಅವಗಾಹನೆಗೆ ತರುವುದೇನೆಂದರೆ:

೧. ಕಳೆದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಅರ್ಜಿದಾರನ ಕಾರು ಕೆಂಪು ದೀಪಕ್ಕೆ ನಿಂತಿತ್ತು. ಓಡಿಸುತ್ತಿದ್ದವಳು ಅವನ ಮಗಳು. ಲೈಸೆನ್ಸ್ ಬಂದು ಒಂಬತ್ತು ದಿನ. ಅರ್ಜಿದಾರ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ. ಸದರಿ ಸಮಯದಲ್ಲಿ ಸೋಫಾ ಹೇರಿಕೊಂಡ ವ್ಯಾನೊಂದು ಹಿಂದಿನಿಂದ ಬಂದು ಗುದ್ದಿತು. ಕಾರಿನ ಹಿಂಭಾಗ ಅಪ್ಪಚ್ಚಿಯಾಯಿತು. ಯಾರಿಗೂ ಪೆಟ್ಟಾಗಲಿಲ್ಲ.

೨. ವ್ಯಾನಿನವನು ಬಾಯಿ ತೆರೆಯುವ ಮೊದಲೇ ಅರ್ಜಿದಾರ ಇಳಿದು, ಕೈಮುಗಿದು, "ತಪ್ಪು ನಮ್ಮದೇ ಸಾರ್, ದಯವಿಟ್ಟು ಕ್ಷಮಿಸಿ" ಎಂದುಬಿಟ್ಟ. ಕಾರಣ, ಅವನು ಇಪ್ಪತ್ತಾರು ವರ್ಷಗಳಿಂದ ದೂರು ಕೌಂಟರಿನಲ್ಲಿ ಕೂತವನು. ಗಿರಾಕಿ ಕೆಟ್ಟ ಮಿಕ್ಸಿಯನ್ನು ಮೇಜಿನ ಮೇಲೆ ಕುಕ್ಕುವ ಮೊದಲೇ ಕ್ಷಮೆ ಕೇಳತಕ್ಕದ್ದು ಎಂಬುದು ಮಳಿಗೆಯ ಕಟ್ಟಪ್ಪಣೆ. ಒಳಗೆ ಚಮಚ ಬಿಟ್ಟು ತಿರುಗಿಸಿದ್ದರೂ ತಪ್ಪು ನಮ್ಮದೇ. ಆದ ಕಾರಣ ಗುದ್ದಿದ ಸದ್ದು ಕಿವಿಗೆ ಬಿದ್ದದ್ದೇ ತಡ, ಬಾಯಿ ತನ್ನ ಪಾಡಿಗೆ ಕೆಲಸ ಶುರುಮಾಡಿತು. ವ್ಯಾನಿನವನು ಮೊಬೈಲು ಹಿಡಿದು, "ಇನ್ನೊಂದ್ಸಲ ಹೇಳಿ ಸಾರ್, ಸರಿಯಾಗಿ ಬರ್ಲಿಲ್ಲ" ಎಂದ. ಅರ್ಜಿದಾರ ಇನ್ನೊಂದು ಸಲ ಹೇಳಿದ.

೩. ಕಾರು ನೋಡಲು ಮನೆಗೆ ಬಂದ ತಮ್ಮ ಸರ್ವೇಯರು, "ನಿಂತ ಕಾರಿಂದ ಹೇಗ್ ಸಾರ್ ತಪ್ಪಾಗುತ್ತೆ?" ಎಂದು ನ್ಯಾಯವಾಗಿಯೇ ಕೇಳಿದರು. ಅಷ್ಟರಲ್ಲಿ ಅವರ ಕಾಲು ಹೂಕುಂಡಕ್ಕೆ ತಗುಲಿತು. "ತಪ್ಪು ನಮ್ಮದೇ" ಎಂದ ಅರ್ಜಿದಾರ. ಅವರು ಅದನ್ನೂ ಬರೆದುಕೊಂಡು ಹೋದರು.

೪. ತಮ್ಮ ಕಚೇರಿಗೆ ನಾಲ್ಕು ಸಲ ಹತ್ತಿ ಬಂದಾಗ್ಯೂ ಕೌಂಟರಿನಲ್ಲಿ ಯಾರೂ ಒಮ್ಮೆಯೂ ಕ್ಷಮೆ ಕೇಳಲಿಲ್ಲ. ಅರ್ಜಿದಾರನಿಗೆ ಹೊಟ್ಟೆಕಿಚ್ಚಾಯಿತು.

೫. ಈಗ ಮುಖ್ಯ ಸಂಗತಿ. ಅಂದಿನಿಂದ ಮಗಳು ಸ್ಟೀರಿಂಗ್ ಮುಟ್ಟಿಲ್ಲ. "ಅಪ್ಪನೇ ಎಲ್ಲರೆದುರು ತಪ್ಪು ನಮ್ಮದು ಅಂದ. ಓಡಿಸ್ತಿದ್ದೋಳು ನಾನು ತಾನೆ?" ಎಂಬುದು ಅವಳ ವಾದ. ತಮ್ಮ ಪತ್ರ ಬಂದ ದಿನ ಕೀಲಿಕೈಯನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟಳು. ಅರ್ಜಿದಾರ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ನಿನ್ನ ತಪ್ಪೇನಿಲ್ಲ ಕಣೇ ಪುಟ್ಟಿ. ತಪ್ಪು ನಂದು, ಕ್ಷಮಿಸು" ಎಂದ. ಅವಳು ತಲೆಯೆತ್ತದೆ, "ಮಿಕ್ಸಿ ತಂದೋರಿಗೂ ಹೀಗೇ ಹೇಳ್ತೀಯಲ್ಲಪ್ಪ" ಎಂದಳು. ಇಪ್ಪತ್ತಾರು ವರ್ಷದಲ್ಲಿ ಅರ್ಜಿದಾರ ತಾನೇ ಮಾಡಿದ ತಪ್ಪಿಗೆ ಕ್ಷಮೆ ಕೇಳಿದ್ದು ಅದೇ ಮೊದಲು. ಅವಳು ನಂಬಲಿಲ್ಲ. ಅವನಿಗೆ ತುಂಬಾ ನೋವಾಗಿದೆ.

ಆದ್ದರಿಂದ, ಕಾರಿನ ದುರಸ್ತಿಯ ಮಾತು ಹಾಗಿರಲಿ. "ಕಾರು ನಿಂತಿತ್ತು, ಓಡಿಸುತ್ತಿದ್ದವರ ತಪ್ಪು ಎಳ್ಳಷ್ಟೂ ಇಲ್ಲ" ಎಂದು ಮಗಳ ಹೆಸರಿಗೇ ಒಂದು ಪತ್ರ ಬರೆದು, ಮೊಹರು ಒತ್ತಿ ಕಳಿಸಬೇಕೆಂದು ಕೋರಿಕೆ. ಅಪ್ಪನ ಮಾತಿಗಿಲ್ಲದ ಬೆಲೆ ಮೊಹರಿಗಾದರೂ ಇದ್ದೀತು.

ಇಷ್ಟಾದರೂ ತಮ್ಮ ವಿಶ್ವಾಸಿ,
(ಸಹಿ)
ಅರ್ಜಿದಾರ

ಲಗತ್ತುಗಳು:
೧. ಸಿಗ್ನಲ್ ಪಕ್ಕದ ಚಪ್ಪಲಿ ರಿಪೇರಿಯವರ ಹೇಳಿಕೆ: "ಕಾರು ನಿಂತೇ ಇತ್ತು. ಆ ಮನುಷ್ಯ ಯಾಕೆ ಕೈಮುಗಿದನೋ ಗೊತ್ತಿಲ್ಲ."
೨. ಅರ್ಜಿದಾರ ದಿನಕ್ಕೆ ಅರವತ್ತು ಸಲ ವಿನಾಕಾರಣ ಕ್ಷಮೆ ಕೇಳುತ್ತಾನೆಂದು ಮಳಿಗೆಯ ಮ್ಯಾನೇಜರರ ದೃಢೀಕರಣ.

ವಿ.ಸೂ.: ಸದರಿ ಪತ್ರದಲ್ಲಿ ತಾವು ಕ್ಷಮೆ ಕೇಳುವ ಅಗತ್ಯವಿಲ್ಲ. ಮೊಹರಿನ ಕೆಳಗೆ ಎರಡು ಸಾಲು ಖಾಲಿ ಬಿಡತಕ್ಕದ್ದು. ಅದನ್ನು ಅರ್ಜಿದಾರ ಸ್ವಂತ ಕೈಯಿಂದ ತುಂಬುತ್ತಾನೆ.