ಹೆಡ್‌ಫೋನೂ ಪಾಳಿ ನೀರೂ

ವೈರ್ ಇಲ್ಲದ ಹೆಡ್‌ಫೋನೊಂದನ್ನು ಯಾದಗಿರಿಯಿಂದ ಕೊಂಡು ತಂದ ದಿನ, ನಮ್ಮ ಮನೆಯ ಸಮಸ್ಯೆಗಳೆಲ್ಲ ಅಂದಿಗೇ ಮುಗಿದವು ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವಿಜ್ಞಾನವನ್ನು ನಾನೇ ನಂಬದಿದ್ದರೆ ಇನ್ಯಾರು ನಂಬಬೇಕು?

ಸಮಸ್ಯೆ ಇಷ್ಟೆ. ಮಗಳು ಭಾಗ್ಯ ಪಿಯುಸಿ ಎರಡನೇ ವರ್ಷ. ಅವಳು ಪುಸ್ತಕ ತೆರೆಯುವ ಹೊತ್ತಿಗೆ ಸರಿಯಾಗಿ ನನಗೆ ಟಿವಿಯಲ್ಲಿ ಹಳೆಯ ಹಾಡು ಬೇಕು. ಮನೆಯಲ್ಲಿರುವುದು ಎರಡೇ ಕೋಣೆ. ಒಂದು ದಿನ ಹೆಂಡತಿ ಮಲ್ಲಮ್ಮ ರಿಮೋಟನ್ನು ಜೋಳದ ಡಬ್ಬಿಯೊಳಗೆ ಹೂತು, ಮೇಲೆ ಮುಚ್ಚಳ ಬಿಗಿದು ತೀರ್ಪು ಕೊಟ್ಟಳು.

"ಪರೀಕ್ಷಾ ಮುಗಿಯೂತನ ಈ ಮನ್ಯಾಗ ಟಿವಿ ಬಂದ್."

ನಾನು ಸೋಲಲಿಲ್ಲ. ಶನಿವಾರದ ಬಸ್ಸು ಹತ್ತಿ ಯಾದಗಿರಿಗೆ ಹೋಗಿ ಹೆಡ್‌ಫೋನ್ ತಂದೆ. "ಟಿವಿ ಹಾಡ್ತದ, ಮನಿ ಸುಮ್ಮನಿರ್ತದ. ಇದಕ್ಕ ಅಂತಾರ ವಿಜ್ಞಾನ" ಎಂದು ಮೇಜಿನ ಮೇಲಿಟ್ಟೆ. ಮಲ್ಲಮ್ಮ ಅದನ್ನು ಹಿಂದೆ ಮುಂದೆ ತಿರುವಿ ನೋಡಿದಳು. "ಎತ್ತಿನ ಕೊಳ್ಳಾಗ ಹಾಕೋದು ನಿಮ್ಮ ತಲಿಗೆ ಯಾಕ ತಂದೀರಿ?" ಎಂದು ಕೇಳಿ ರೊಟ್ಟಿ ತಟ್ಟಲು ಹೋದಳು.

ಜೊತೆಗೆ ಕೊಟ್ಟ ಚೀಟಿಯಲ್ಲಿ ಇರುವೆಯೂ ಓದಲಾರದಷ್ಟು ಸಣ್ಣ ಅಕ್ಷರ. ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿಯಬೇಕಂತೆ. ಒತ್ತಿದೆ. ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಪರಿಚಯವಿಲ್ಲದ ಹೆಂಗಸು, ಅದೂ ಇಂಗ್ಲಿಷು. ನಾನು ಎದ್ದು ನಿಂತು "ಯೆಸ್ ಮೇಡಂ" ಎಂದೆ. ಮುಂದಿನ ಮುಕ್ಕಾಲು ಗಂಟೆ ನಾನು ಮಾಡಿದ ಪ್ರಯೋಗಗಳನ್ನು ಇಲ್ಲಿ ವಿವರಿಸುವುದಿಲ್ಲ. ಕೊನೆಗೆ ಭಾಗ್ಯ ಓದುವುದನ್ನು ಬಿಟ್ಟು ಬಂದು ಒಂದು ನಿಮಿಷದಲ್ಲಿ ಟಿವಿಗೂ ಅದಕ್ಕೂ ಗಂಟು ಹಾಕಿಕೊಟ್ಟಳು.

ಆಹಾ, ಅದೇನು ನಾದ! ತಬಲದವನು ನನ್ನ ಬಲಗಿವಿಯಲ್ಲೇ ಚಾಪೆ ಹಾಸಿ ಕೂತಿದ್ದ. ಊಟದ ತಾಟನ್ನೂ ಟಿವಿಯ ಮುಂದೆಯೇ ತರಿಸಿಕೊಂಡೆ. ತಾಟಿನಲ್ಲಿ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇತ್ತು. ಸಂತೋಷದ ಭರದಲ್ಲಿ ಮಗಳ ಕಿವಿಯ ಹತ್ತಿರ ಬಾಗಿ, ಬಹಳ ಮೆಲ್ಲಗೆ ಒಂದು ಗುಟ್ಟು ಹೇಳಿದೆ: "ಹಿಂಡಿ ಅಂದ್ರ ಬಾಜೂಮನಿ ನಾಗಮ್ಮನ ಕೈದು. ನಿಮ್ಮವ್ವ ಮಾಡಿದ್ದು ಬರೇ ಖಾರ."

ಮೆಲ್ಲಗೆ ಎಂದು ನನಗೆ ಅನ್ನಿಸಿತ್ತು. ಕಿವಿ ತುಂಬ ತಬಲ ಇದ್ದವನಿಗೆ ತನ್ನ ದನಿಯ ಅಳತೆ ಸಿಗುವುದಿಲ್ಲ ಎಂಬ ನಿಯಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮಗಳು ಕಿವಿ ಮುಚ್ಚಿಕೊಂಡಳು. ಅಡುಗೆಮನೆಯಲ್ಲಿ ಲಟ್ಟಣಿಗೆ ಬಿತ್ತು. ಮರುದಿನ ಬೆಳಿಗ್ಗೆ ನಾಗಮ್ಮ ಗೋಡೆಯ ಮೇಲಿಂದ ನಗುನಗುತ್ತ ಒಂದು ಡಬ್ಬಿ ಹಿಂಡಿ ಕೊಟ್ಟಳು. "ಮಾಸ್ತರ್ರಿಗೆ ಕೊಡ್ರಿ ಅಕ್ಕ" ಎಂದಳು. ಮಲ್ಲಮ್ಮ ಕೊಟ್ಟಳು. ಮೂರು ದಿನ ನನ್ನ ತಾಟಿನಲ್ಲಿ ಅದೇ ಹಿಂಡಿ, ಅದಷ್ಟೇ.

ಮನೆಯೊಳಗೆ ಹವಾಮಾನ ಸರಿಯಿಲ್ಲದ ಕಾರಣ ನಾನು ಹೊರಗಿನ ಕಟ್ಟೆಗೆ ಸ್ಥಳಾಂತರಗೊಂಡೆ. ಟಿವಿ ಒಳಗೆ ಹಾಡುತ್ತಿತ್ತು, ಕಿಟಕಿಯಾಚೆ ನಾನು ಕೇಳುತ್ತಿದ್ದೆ. ಆದರೆ ಓಣಿ ಬಿಡಬೇಕಲ್ಲ. ಹೋಗುವವರು ಬರುವವರು ನಿಂತು, ನನ್ನ ಹೆಡ್‌ಫೋನ್ ಎತ್ತಿ ವಿಚಾರಿಸತೊಡಗಿದರು.

"ಕಿವಿ ಬ್ಯಾನಿ ಏನ್ರಿ ಮಾಸ್ತರ್ರ? ಬಳ್ಳೊಳ್ಳಿ ಎಣ್ಣಿ ಕಾಸಿ ಬಿಡ್ರಿ."

"ಎರಡೂ ಕಿವಿ ಹೋಗ್ಯಾವೇನ್ರಿ? ನಮ್ಮ ಮಾವಗ ಒಂದೇ ಹೋಗಿತ್ತು."

ಒಬ್ಬ ಮುದುಕಿಯಂತೂ ಎಣ್ಣೆಯನ್ನು ಕಾಸಿಯೇ ತಂದಳು. ಇದಕ್ಕೆ ನಾನು ಕಂಡುಕೊಂಡ ವೈಜ್ಞಾನಿಕ ಪರಿಹಾರವೆಂದರೆ ಹೆಡ್‌ಫೋನಿನ ಮೇಲೆ ಒಂದು ಟವೆಲ್ಲನ್ನು ರುಮಾಲಿನ ಹಾಗೆ ಸುತ್ತಿಕೊಂಡದ್ದು. ಈಗ ನಾನು ಕಟ್ಟೆಯ ಮೇಲೆ ಬಿಸಿಲಿಗೆ ರುಮಾಲು ಸುತ್ತಿಕೊಂಡು ಕೂತ ಸಾಧಾರಣ ಮನುಷ್ಯ. ನನ್ನ ಕಿವಿಯೊಳಗಿನ ಕಛೇರಿ ಯಾರಿಗೂ ಕಾಣುತ್ತಿರಲಿಲ್ಲ. ಈ ಜಾಣತನವೇ ನನ್ನನ್ನು ಮುಳುಗಿಸಿತು.

ಇಲ್ಲಿ ನಮ್ಮ ನೀರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಶಹಾಪುರದ ಆಚೆ, ಕಾಲುವೆ ಮುಗಿಯುವ ಕಡೆಯ ಊರು. ಕಾಲುವೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಎರಡೇ ಪಂಗಡ: ನೀರು ಮೊದಲು ಸಿಗುವವರು, ನೀರು ಕೊನೆಗೆ ಸಿಗುವವರು. ನಾವು ಎರಡನೆಯವರು. ಈ ನೀರಿಗೆ ಭತ್ತ ಹಚ್ಚಬೇಡಿ ಎಂದು ವರ್ಷವೂ ಹೇಳುತ್ತಾರೆ, ಆದ್ದರಿಂದ ವರ್ಷವೂ ಎಲ್ಲರೂ ಭತ್ತ ಹಚ್ಚುತ್ತಾರೆ. ಆ ವರ್ಷ ಮಲ್ಲಮ್ಮ ಒಬ್ಬಳೇ ನಮ್ಮ ಎರಡೆಕರೆಗೆ ಮೆಣಸಿನ ಸಸಿ ಹಚ್ಚಿದಳು. "ಮಾಸ್ತರ್ ಹೇಣ್ತಿ ತಲಿ ಕೆಟ್ಟದ" ಎಂದು ಊರು ನಕ್ಕಿತು. ಅವಳು ಕೊಡದಲ್ಲಿ ನೀರು ಹೊತ್ತು ಒಂದೊಂದೇ ಸಸಿ ಉಳಿಸಿದಳು. ಕೈಯೆಲ್ಲ ಬೊಬ್ಬೆ. ಈಗ ಗಿಡದ ತುಂಬ ಹೂವು. ಎಂಟು ದಿನಕ್ಕೊಮ್ಮೆ ನಮ್ಮ ಪಾಳಿ, ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ. ಈ ಪಾಳಿ ತಪ್ಪಿದರೆ ಹೂವು ಉದುರುತ್ತದೆ, ಊರು ಮತ್ತೆ ನಗುತ್ತದೆ.

ಪಾಳಿಗೆ ನಮ್ಮಲ್ಲಿ ಕಾಗದ ಪತ್ರ ಇಲ್ಲ. ಒಬ್ಬರು ತಮ್ಮ ಪಾಳಿ ಇನ್ನೊಬ್ಬರಿಗೆ ಬಿಡುವುದಾದರೆ ಗೇಟು ತಿರುಗಿಸುವ ಲಸ್ಕರನ ಎದುರು ಒಂದು ಸಲ ಹೌದೆಂದು ತಲೆಯಾಡಿಸಿ ಗೋಣು ಹಾಕಿದರೆ ಆಯಿತು. ಕಚೇರಿಯ ಕಾಗದಕ್ಕೆ ಮೂರು ಸಹಿ, ಎರಡು ಸೀಲು ಬೇಕು. ಕಾಲುವೆಗೆ ಒಂದು ಗೋಣು ಸಾಕು. ಹಾಕಿದ ಗೋಣನ್ನು ವಾಪಸು ಪಡೆದವರು ನಮ್ಮೂರಲ್ಲಿ ಯಾರೂ ಇಲ್ಲ.

ಮುಂದಿನ ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಕಟ್ಟೆಯ ಮೇಲೆ ರುಮಾಲು ಸುತ್ತಿ ಕೂತಿದ್ದೆ. ಕಿವಿಯಲ್ಲಿ ನನ್ನ ಮೆಚ್ಚಿನ ಹಾಡು, ಅದೂ ತಾಳ ಏರುವ ಜಾಗ. ಕಣ್ಣು ತೆರೆದರೆ ಎದುರಿಗೆ ಲಸ್ಕರ್, ಪಕ್ಕದಲ್ಲಿ ಬಾಜೂಮನೆ ಸಾಬಣ್ಣ, ಅಂದರೆ ಹಿಂಡಿಯ ನಾಗಮ್ಮನ ಗಂಡ. ಸಾಬಣ್ಣನ ಬಾಯಿ ಆಡುತ್ತಿತ್ತು. ಏನೂ ಕೇಳಿಸಲಿಲ್ಲ.

ಆಗ ನಾನು ರುಮಾಲು ಬಿಚ್ಚಿ, ಹೆಡ್‌ಫೋನ್ ತೆಗೆದು "ಏನಂದಿ ಸಾಬಣ್ಣ?" ಎಂದು ಕೇಳಬಹುದಿತ್ತು. ಹತ್ತು ಸೆಕೆಂಡಿನ ಕೆಲಸ. ಆದರೆ ಇಪ್ಪತ್ತು ವರ್ಷ "ಹಿಂದಿನ ಬೆಂಚಿನವರು ಪಿಸುಗುಟ್ಟಿದ್ದೂ ನನಗ ಕೇಳ್ತದ" ಎಂದು ಹೆದರಿಸಿಕೊಂಡು ಬಂದ ಮಾಸ್ತರನಿಗೆ, ಎದುರಿಗೆ ನಿಂತವನ ಮಾತು ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಏನಿರುತ್ತದೆ, ಕುಶಲ ವಿಚಾರಿಸುತ್ತಿರಬೇಕು ಎಂದುಕೊಂಡು ಮುಗುಳ್ನಕ್ಕೆ. ತಾಳ ಬಿಡಲು ಮನಸ್ಸಾಗದೆ ಗೋಣು ಹಾಕುತ್ತಲೇ ಇದ್ದೆ. ಲಸ್ಕರ್ ಏನೋ ಕೇಳಿದ. ಅವನಿಗೂ ಗೋಣು ಹಾಕಿದೆ. ಅವನು ಮತ್ತೊಮ್ಮೆ, ಬೆರಳೆತ್ತಿ, ಬಿಡಿಸಿ ಬಿಡಿಸಿ ಕೇಳಿದ. ಅಷ್ಟರಲ್ಲಿ ಹಾಡು ಮುಕ್ತಾಯದ ಭರಾಟೆಗೆ ಬಂದಿತ್ತು. ನನ್ನ ಗೋಣು ಇನ್ನೂ ಜೋರಾಯಿತು.

ಸಾಬಣ್ಣ ಬಗ್ಗಿ ನನ್ನ ಕಾಲು ಮುಟ್ಟಿದ. ವಿನಯವಂತ ಹುಡುಗ ಎಂದು ಸಂತೋಷವಾಗಿ ತಲೆಯ ಮೇಲೆ ಕೈಯಿಟ್ಟು ಹರಸಿದೆ.

ಭಾನುವಾರ ಬೆಳಿಗ್ಗೆ ಮಲ್ಲಮ್ಮ ಗುದ್ದಲಿ ಹೊತ್ತು ಹೊಲಕ್ಕೆ ಹೋದಳು. ಅರ್ಧ ತಾಸಿನಲ್ಲಿ ಒಬ್ಬರು ಬಂದು, ಕಾಲುವೆ ಗೇಟಿನ ಹತ್ತಿರ ಜನ ಕೂಡಿದ್ದಾರೆ, ನಿಮ್ಮನ್ನು ಕರೆಯುತ್ತಿದ್ದಾರೆ ಎಂದರು. ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡೇ ಹೋದೆ. ಬೇವಿನ ಮರದ ಕೆಳಗೆ ಹಿರಿಯರು ನಾಲ್ಕು ಮಂದಿ ಕೂತಿದ್ದರು. ನನ್ನನ್ನು ನೋಡಿದ್ದೇ ತಡ, ಎದ್ದು ನಿಂತರು.

"ಊರಿಗೆ ಇಂಥ ಮಾಸ್ತರ್ರು ಇರಬೇಕ್ರಿ" ಎಂದರು ಒಬ್ಬರು. "ಸಾಬಣ್ಣನ ಪಾಳಿ ದಿನ ಕಾಲುವಿ ಒಡದು ಅವಗ ನೀರ ಸಿಗಲಿಲ್ಲ. ಭತ್ತ ಹೊಡಿಗೆ ಬಂದದ, ತೆನಿ ಬಿಡೂ ಹೊತ್ತು. ನೀವು ನಿಮ್ಮ ಇಡೀ ಪಾಳಿ ಬಿಟ್ಟುಕೊಟ್ಟೀರಿ. ಎಂಥಾ ದೊಡ್ಡ ಮನಸು!"

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲವೂ ತಿಳಿಯಿತು. ತಿಳಿದ ಮೇಲೆ ಮನುಷ್ಯ ನಿಜ ಹೇಳಬೇಕು. ನಾನು ಗಂಟಲು ಸರಿಪಡಿಸಿಕೊಂಡು, "ಇರಲಿ ಬಿಡ್ರಿ. ಇನ್ನೊಬ್ಬರ ಕಷ್ಟಕ್ಕ ಆಗದ ನೀರು ಇದ್ದರೆಷ್ಟು, ಬಿಟ್ಟರೆಷ್ಟು" ಎಂದೆ. ವಾಕ್ಯ ಚೆನ್ನಾಗಿ ಬಂತು. ನಾಲ್ಕು ಜನ ಹೌದೆಂದರು.

ಹಿಂದೆ ತಿರುಗಿದರೆ ಗುದ್ದಲಿಯ ಕಾವು ಹಿಡಿದು ಮಲ್ಲಮ್ಮ ನಿಂತಿದ್ದಳು. ಬೈಯಲಿಲ್ಲ. ಕಣ್ಣಲ್ಲಿ ನೀರಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ, ಆದರೆ ಹೀಗೆ ಸುಮ್ಮನೆ ನಿಂತದ್ದನ್ನು ನಾನು ನೋಡಿರಲಿಲ್ಲ. ಅವಳ ಅಂಗೈಯ ಬೊಬ್ಬೆ ಅಷ್ಟು ದೂರಕ್ಕೂ ಕಂಡಿತು. ನನಗೆ ಬಹಳ ನಾಚಿಕೆಯಾಯಿತು.

"ಹಿರಿಯರ, ಖರೇ ಹೇಳ್ತೀನಿ" ಎಂದೆ. "ನಾ ಪಾಳಿ ಬಿಟ್ಟಿಲ್ಲ. ನಿನ್ನಿ ಇವರು ಕೇಳಿದ್ದು ಒಂದು ಅಕ್ಷರಾನೂ ನನಗ ಕೇಳಿಸಿಲ್ಲ. ರುಮಾಲಿನ ಒಳಗ ಈ ಹೆಡ್‌ಫೋನ್ ಇತ್ತು. ನಾ ಹಾಡಿಗೆ ಗೋಣು ಹಾಕಾಕತ್ತಿದ್ದೆ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಾಸ್ತರ್ರ, ಹೇಣ್ತಿ ಬಂದು ನಿಂತ ಮ್ಯಾಲ ಮಾತು ಬದಲಸಬ್ಯಾಡ್ರಿ" ಎಂದರು ಒಬ್ಬರು, ಬಹಳ ಮರುಕದಿಂದ. "ಈಗರೆ ಬಾಯಿಬಿಟ್ಟು ಕೊಟ್ಟೀನಿ ಅಂದೀರಿ."

"ನನ್ನ ತಲಿ ಮ್ಯಾಲ ಕೈ ಇಟ್ಟೀರಲ್ರಿ ಸರ" ಎಂದ ಸಾಬಣ್ಣ.

ವಿಜ್ಞಾನದ ಮಾಸ್ತರನಿಗೆ ಉಳಿದದ್ದು ಒಂದೇ ದಾರಿ, ಪ್ರಯೋಗ. ಹೆಡ್‌ಫೋನ್ ತೆಗೆದು ಸಾಬಣ್ಣನ ತಲೆಗೆ ಹಾಕಿದೆ. "ಈಗ ನಾ ಫೋನಿನಾಗ ಹಾಡು ಹಚ್ಚತೀನಿ. ಆಮ್ಯಾಲ ಮಾತಾಡ್ತೀನಿ. ಇವಗ ಕೇಳಂಗಿಲ್ಲ, ನೋಡ್ರಿ" ಎಂದು ಸಭೆಗೆ ಘೋಷಿಸಿದೆ. ಗುಂಡಿಯನ್ನು ಐದು ಸೆಕೆಂಡು ಒತ್ತಿದೆ. ಇಂಗ್ಲಿಷ್ ಮೇಡಂ ಏನಂದಳೋ ನನಗೆ ತಿಳಿಯುವಂತಿರಲಿಲ್ಲ. ಫೋನಿನಲ್ಲಿ ಹಾಡು ಹಚ್ಚಿದೆ.

ಹಾಡು ಫೋನಿನಿಂದಲೇ ಹೊರಬಿದ್ದು ಬೇವಿನ ಮರಕ್ಕೆಲ್ಲ ಕೇಳಿಸಿತು! ರಾತ್ರಿ ಚಾರ್ಜಿಗೆ ಹಾಕಲು ನಾನು ಮರೆತಿದ್ದೆ. ಹೆಡ್‌ಫೋನ್ ಸತ್ತುಬಿದ್ದಿತ್ತು.

"ಸಾಬಣ್ಣ, ನನ್ನ ಮಾತು ಕೇಳ್ತದೇನೋ?" ಎಂದೆ, ಮೆಲ್ಲಗೆ, ಆಸೆಯಿಂದ.

"ಹೌದ್ರಿ ಸರ, ಚಂದ ಕೇಳ್ತದ" ಎಂದ ಸಾಬಣ್ಣ. "ಹಾಡೂ ಕೇಳಾಕತ್ತದ."

ಲಸ್ಕರ್ ತಾನೂ ಹಾಕಿಕೊಂಡು ನೋಡಿದ. ಹಿರಿಯರಲ್ಲಿ ಇಬ್ಬರು ಹಾಕಿಕೊಂಡರು. ಎಲ್ಲರಿಗೂ ಎಲ್ಲವೂ ಕೇಳಿಸಿತು. ಕೊಟ್ಟ ಮಾತು ತಪ್ಪುವವನು ಎಂಬ ಹೆಸರಿನ ಜೊತೆಗೆ ಸುಳ್ಳುಬುರುಕ ಎಂಬ ಹೆಸರೂ ಸೇರಿತು. ಬ್ಯಾಟರಿ ಎಂಬ ಪದಾರ್ಥದ ಬಗ್ಗೆ ನಾನು ಭಾಷಣ ಆರಂಭಿಸಿದೆ. ನನ್ನದೇ ಶಾಲೆಯಲ್ಲಿ ಓದಿದ ಲಸ್ಕರ್, "ಇರಲಿ ಬಿಡ್ರಿ ಸರ" ಎಂದು ನೆಲ ನೋಡಿದ.

ಆಗ ಮಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮುಂದೆ ಬಂದಳು.

"ಇವ್ರು ಸುಳ್ಳು ಹೇಳಾಕತ್ತಿಲ್ರಿ ಯಪ್ಪಾ. ಇವ್ರಿಗೆ ಏನೂ ಕೇಳಿಲ್ಲ" ಎಂದಳು.

ನನ್ನ ಎದೆ ತುಂಬಿ ಬಂತು. ಊರೆಲ್ಲ ಕೈಬಿಟ್ಟರೂ ಹೆಂಡತಿ ಬಿಡಲಿಲ್ಲವಲ್ಲ ಎಂದುಕೊಂಡೆ.

"ನಿನಗ ಹೆಂಗ ಗೊತ್ತವ್ವ?" ಎಂದು ಹಿರಿಯರು ಕೇಳಿದರು.

"ಇಪ್ಪತ್ತೆರಡು ವರ್ಷ ಆತು ನಾ ಈ ಮನಿಗೆ ಬಂದು. ನಾ ಏನ್ ಹೇಳಿದ್ರೂ ಹಿಂಗ ನಕ್ಕೋತ ಗೋಣು ಹಾಕ್ತಾರ. ಒಂದು ಮಾತೂ ಒಳಗ ಹೋಗಂಗಿಲ್ಲ. ಆ ಕಿವಿಗೆ ಹಾಕೋ ಡಬ್ಬಿ ಬಂದು ಎಂಟು ದಿನ ಆಗ್ಯಾದ, ಅಷ್ಟೆ."

ಯಾರೂ ನಗಲಿಲ್ಲ. ಅಲ್ಲೇ ನಿಂತಿದ್ದ ನಾಗಮ್ಮ ಮೆಲ್ಲಗೆ ಸಾಬಣ್ಣನ ಕಡೆ ತಿರುಗಿದಳು. ಸಾಬಣ್ಣ ಕಾಲುವೆಯ ನೀರು ನೋಡತೊಡಗಿದ. ಹಿರಿಯರಲ್ಲಿ ಒಬ್ಬರು ಕೆಮ್ಮಿದರು, ಇನ್ನೊಬ್ಬರು ಚಪ್ಪಲಿ ಹುಡುಕಿದರು. ಲಸ್ಕರ್ ಗೇಟಿನ ಕೀಲಿ ತೆಗೆದುಕೊಂಡು ಎದ್ದ. "ಮಧ್ಯಾಹ್ನದಿಂದ ನೀರು ಅಕ್ಕನ ಹೊಲಕ್ಕ ಬಿಡ್ತೀನಿ. ಸಾಬಣ್ಣಗ ಇಷ್ಟು ಸಾಕು" ಎಂದ. ಎಲ್ಲರೂ ಒಪ್ಪಿದರು.

ನನ್ನ ಪ್ರಯೋಗವನ್ನು ನಾಲ್ಕು ಮಂದಿ ತಲೆಗೆ ಹಾಕಿಕೊಂಡು ಪರೀಕ್ಷಿಸಿದ್ದರು. ಮಲ್ಲಮ್ಮನ ಮಾತಿಗೆ ಒಬ್ಬರೂ ಸಾಕ್ಷಿ ಕೇಳಲಿಲ್ಲ.