ಧಾರವಾಡಕ್ಕೆ ಮುಖ ಮಾಡಿದ ಮನೆ

ರೇಡಿಯೋ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಗೋವಾದಲ್ಲಿ ಆಗ ಇನ್ನೂ ಪೋರ್ತುಗೀಸರಿದ್ದರು. ನಾನು ದಾಂಡೇಲಿಯ ಅಂಬೇವಾಡಿಯಲ್ಲಿ ಕಟ್ಟಿಗೆ ವ್ಯಾಪಾರಿಯೊಬ್ಬರ ಗುಮಾಸ್ತನಾಗಿದ್ದೆ. ಇರಲಿಕ್ಕೆ ಒಂದು ಟ್ರೇಲರ್ ಕೊಟ್ಟಿದ್ದರು. ಅಂದರೆ ಗಾಲಿಯ ಮೇಲೆ ನಿಂತ ತಗಡಿನ ಮನೆ. ಉರುಳದಿರಲೆಂದು ಗಾಲಿಗಳಿಗೆ ಕಲ್ಲು ಕೊಟ್ಟಿದ್ದೆವು.

ನನ್ನ ಹೆಂಡತಿ ಗಿರಿಜೆಯ ತಂಗಿ ಶಾಂತಾ ಒಂದು ಸಂಜೆ ಧಾರವಾಡದ ರೇಡಿಯೋದಲ್ಲಿ ಮೊದಲ ಬಾರಿಗೆ ವಚನ ಹಾಡುವವಳಿದ್ದಳು. ಅದನ್ನು ಕೇಳಲು ಮಾವನವರು ತಮ್ಮೂರು ಪಾಳಾದಿಂದ ಬಂದಿಳಿದರು. ಮಗಳ ದನಿ ಕೇಳಿಯೇ ಊಟ ಎಂದು ಉಪವಾಸ ಬೇರೆ!

ಬ್ಯಾಟರಿ ರೇಡಿಯೋ ಹಚ್ಚಿದೆ. ಗರ್ರೆಂದಿತು. ಆಮೇಲೆ ಯಾರೋ ಹೆಂಗಸು ಪೋರ್ತುಗೀಸಿನಲ್ಲಿ ಹಾಡತೊಡಗಿದಳು. ಮಾವನವರು ಭಕ್ತಿಯಿಂದ ಕೈ ಮುಗಿದರು.

"ನಮ್ಮ ಶಾಂತಾ ಏನ್ರೀ ಅಳಿಯಂದ್ರ? ಒಂದ ಅಕ್ಷರನೂ ತಿಳೀವಲ್ದು."

"ಅದು ಗೋವಾ ರೀ ಮಾವಾರ. ತಡೀರಿ, ಈಗ ಸರಿ ಮಾಡ್ತೇನಿ."

"ಸುತ್ತೂ ತಗಡ ಐತಿ. ರೇಡಿಯೋ ಹೊರಗ ತಂದ ಇಡ್ರೀ," ಎಂದಳು ಗಿರಿಜೆ. ವಿಜ್ಞಾನದ ವಿಷಯದಲ್ಲಿ ಒಲೆಯ ಮುಂದಿನಿಂದ ಬರುವ ಸಲಹೆಗಳನ್ನು ನಾನು ಪರಿಗಣಿಸುತ್ತಿರಲಿಲ್ಲ.

ಏರಿಯಲ್ ತಂತಿ ಹಿಡಿದು ಪಕ್ಕದ ಮಾವಿನ ಮರ ಹತ್ತಿದೆ. ಅಲ್ಲಿ ಕೆಂಪಿರುವೆಗಳ ತುಂಬು ಸಂಸಾರವಿತ್ತು. ಹತ್ತಿದ್ದಕ್ಕಿಂತ ಬಹಳ ಬೇಗ ಇಳಿದೆ. ಆದರೆ ತಂತಿ ಕಟ್ಟಿಯೇ ಇಳಿದೆ! ಪರಿಣಾಮವಾಗಿ ಗೋವಾದ ಹೆಂಗಸಿನ ದನಿ ಇನ್ನಷ್ಟು ಸ್ಪಷ್ಟವಾಯಿತು.

ಆಗ ಹೊಳೆಯಿತು. ನಮ್ಮ ಬಾಗಿಲು ಗೋವಾದ ಕಡೆಗಿತ್ತು! ಧಾರವಾಡಕ್ಕೆ ಬೆನ್ನು ತಿರುಗಿಸಿ ಕೂತ ಮನೆಯೊಳಗೆ ಧಾರವಾಡ ಹೇಗೆ ತಾನೇ ಬಂದೀತು? ಮನೆಯನ್ನೇ ತಿರುಗಿಸುವುದೆಂದು ತೀರ್ಮಾನಿಸಿದೆ.

"ಮಾವಾರ, ನೀವು ಒಳಗ ಕುಂತು ರೇಡಿಯೋದ ಕಿವಿ ತಿರುವ್ರಿ. ಶಾಂತಾನ ದನಿ ಬಂತಂದ್ರ ಕೂಗ್ರಿ."

"ಬ್ಯಾಡ್ರೀ, ಮುಂದ ಇಳಕಲ ಐತಿ!" ಎಂದು ಗಿರಿಜೆ ಚೀರುವಷ್ಟರಲ್ಲಿ ಕಲ್ಲು ತೆಗೆದಾಗಿತ್ತು.

ಮನೆ ತಿರುಗಲಿಲ್ಲ. ಹೊರಟಿತು.

ಹಿಂದಿನಿಂದ ಹಿಡಿದು ಎಳೆದೆ. ಅದು ನನ್ನನ್ನೂ ಜೊತೆಗೆ ಕರೆದುಕೊಂಡಿತು. ತಂತಿ ಪಟ್ಟನೆ ಹರಿಯಿತು. ಒಳಗೆ ಪಾತ್ರೆಗಳೆಲ್ಲ ತಾಳ ಹಾಕಿದವು. ಕಿಟಕಿಯಲ್ಲಿ ಮಾವನವರ ರುಮಾಲು ಕಂಡಿತು.

"ಅಳಿಯಂದ್ರ, ಇದು ಎಲ್ಲಿಗೆ ಹೊಂಟೈತ್ರೀ?"

ನಿಜ ಹೇಳಬೇಕೆಂದರೆ, ನನಗೂ ಗೊತ್ತಿರಲಿಲ್ಲ.

ಪುಣ್ಯಕ್ಕೆ ಬಿದಿರು ಮೆಳೆಯೊಂದು ಅಡ್ಡ ಬಂದು ಮನೆಯನ್ನು ನಿಲ್ಲಿಸಿತು. ಮಾವನವರು ಮಜ್ಜಿಗೆಯಲ್ಲಿ ಮಿಂದು, ರೇಡಿಯೋ ಅವಚಿಕೊಂಡು ಇಳಿದರು. ಅವರಿಗೆ ಒಂದು ತರಚು ಗಾಯವೂ ಇಲ್ಲ. ರೇಡಿಯೋ ಮಾತ್ರ ಶಾಶ್ವತವಾಗಿ ಬಾಯಿ ಮುಚ್ಚಿತ್ತು. ಮನೆ ನಿಂತ ದಿಕ್ಕು ನೋಡಿದೆ. ನೇರ ಧಾರವಾಡಕ್ಕೆ ಮುಖ!

ಮುಂದಿನ ವಾರ ಶಾಂತಾ ಬಂದಾಗ ಮಾವನವರು ಇನ್ನೂ ನಮ್ಮಲ್ಲೇ ಇದ್ದರು. "ಅಪ್ಪಾ, ನನ್ನ ಹಾಡು ಹೆಂಗಾತು?" ಎಂದು ಆಸೆಯಿಂದ ಕೇಳಿದಳು. ನಾನು ಅವಲಕ್ಕಿ ತಟ್ಟೆಯೊಳಗೆ ಮುಖ ಹುದುಗಿಸಿದೆ. ಮಾವನವರು ದೊಡ್ಡ ಮನುಷ್ಯರು, ಅಳಿಯನ ಮರ್ಯಾದೆ ಉಳಿಸಲು ನೋಡಿದರು.

"ಏನ ಹೇಳ್ಲೆವಾ! ನೀ ಹಾಡಾಕ ಹತ್ತಿದ್ದೇ ತಡ, ನಿಮ್ಮಕ್ಕನ ಮನಿನ ಎದ್ದು ಓಡಿಹೋತು."

ಶಾಂತಾ ಆಮೇಲೆ ನಮ್ಮ ಮನೆಯಲ್ಲಿ ಒಮ್ಮೆಯೂ ಹಾಡಲಿಲ್ಲ. ಮಾವನವರು ಬಂದಾಗ ನಾನು ಏನನ್ನಾದರೂ ದುರಸ್ತಿ ಮಾಡಲು ಕೂತರೆ, ಗಿರಿಜೆ ಮೊದಲು ತನ್ನ ತಂದೆಯನ್ನು ಕೈಹಿಡಿದು ಅಂಗಳಕ್ಕೆ ಕರೆದೊಯ್ಯುತ್ತಿದ್ದಳು.